ಮೊಟ್ಟೆಗೆ ಕೋಳಿ ಕೊಳ್ಳುವಾಗ ವಾರ ಎಣಿಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕೋಳಿ ಸಾಕಣೆಯ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಚಾರ ಕೇಳುತ್ತವೆ. ಮೊಟ್ಟೆಗೆಂದು ತರುವ ಹೇಂಟೆ ಎಷ್ಟು ವಾರದ್ದಿರಬೇಕು? ಮಾರುವವರು ಹೇಳಿದ ವಯಸ್ಸು ನಿಜವೇ ಎಂದು ತಿಳಿಯುವುದು ಹೇಗೆ? ಅವುಗಳಲ್ಲಿ ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ತೆಂಗಿನ ತೋಟದಲ್ಲಿ 20 ಹೇಂಟೆ ಸಾಕಬೇಕೆಂದಿದ್ದೇನೆ. ಮನೆಗಾಗಿ ಉಳಿದ ಮೊಟ್ಟೆಯನ್ನು ಊರಲ್ಲೇ ಮಾರುವ ಯೋಚನೆ. ಒಬ್ಬರು ಒಂದು ದಿನದ ಮರಿ ಅಗ್ಗ, ಅದನ್ನೇ ತನ್ನಿ ಅನ್ನುತ್ತಾರೆ. ಇನ್ನೊಬ್ಬರು ಮೊಟ್ಟೆ ಇಡುತ್ತಿರುವುದನ್ನೇ ತನ್ನಿ, ಮರುದಿನದಿಂದ ಮೊಟ್ಟೆ ಸಿಗುತ್ತದೆ ಅನ್ನುತ್ತಾರೆ. ಯಾವುದು ಸರಿ? — ಓದುಗರು, ತಿಪಟೂರು

ಉತ್ತರ: ಮೊದಲ ಸಲ ಸಾಕುವವರಾದರೆ ಎರಡೂ ಬೇಡ. ಇನ್ನೂ ಮೊಟ್ಟೆ ಇಡದ 16 ವಾರದ ಯಾಟೆಗಳನ್ನು ತನ್ನಿ. 17 ವಾರವಾದರೂ ಅಡ್ಡಿಯಿಲ್ಲ, 18 ದಾಟಿದ್ದು ಬೇಡ.

ಇದಕ್ಕೆ ಕಾರಣ ಕೋಳಿಯ ಮೈಯೊಳಗೇ ಇದೆ. ಫಾರಂ ತಳಿಯ ಹೇಂಟೆ 18ರಿಂದ 20 ವಾರದ ನಡುವೆ ಮೊದಲ ಮೊಟ್ಟೆ ಇಡುತ್ತದೆ. ಅದಕ್ಕೆ ಹತ್ತು ಹದಿನೈದು ದಿನ ಮುಂಚಿನಿಂದಲೇ ಅದರ ಮೂಳೆಗಳ ಒಳಗೆ ಸುಣ್ಣದ ದಾಸ್ತಾನು ಶುರುವಾಗಿರುತ್ತದೆ, ಅಂಡಾಶಯ ಬೆಳೆಯುತ್ತಿರುತ್ತದೆ, ಜುಟ್ಟು ಕೆಂಪೇರುತ್ತಿರುತ್ತದೆ. ಆ ಹೊತ್ತಿಗೆ ಅದು ಹೊಸ ಜಾಗ, ನೀರು, ಆಹಾರ, ಜೊತೆ ಎಲ್ಲಕ್ಕೂ ಒಗ್ಗಿ ಆಗಿರಬೇಕು. ಮೊಟ್ಟೆ ಶುರುವಾದ ಮೇಲೆ ಹಿಡಿದು, ಬುಟ್ಟಿಗೆ ತುರುಕಿ, ನೂರು ಕಿಲೋಮೀಟರ್ ಸಾಗಿಸಿದರೆ ಮೇವು ಬಿಡುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಕೆಲವು ಕುತ್ತಿಗೆಯ ಗರಿ ಉದುರಿಸಿಕೊಂಡು ತಿಂಗಳೊಪ್ಪತ್ತು ಸುಮ್ಮನೆ ಕೂರುತ್ತವೆ. ‘ಮರುದಿನದಿಂದ ಮೊಟ್ಟೆ’ ಅನ್ನುವ ಮಾತು ಹೀಗೆ ಸುಳ್ಳಾಗುತ್ತದೆ.

ಒಂದು ದಿನದ ಮರಿ ಕೊಳ್ಳುವಾಗ ಮಾತ್ರ ಅಗ್ಗ. ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ರಾತ್ರಿ ಕರೆಂಟು ಹೋಗಿ ಬಲ್ಬು ಆರಿದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. 16 ವಾರ ತಲುಪುವ ಹೊತ್ತಿಗೆ ಕಂದು ಮೊಟ್ಟೆಯ ಫಾರಂ ತಳಿಯ ಒಂದೊಂದೂ 5.5ರಿಂದ 6 ಕಿಲೋ ಆಹಾರ ತಿಂದಿರುತ್ತದೆ. ಲಸಿಕೆಯ ಖರ್ಚು, ಸತ್ತ ಮರಿಗಳ ಲೆಕ್ಕ ಬೇರೆ. ಗಿರಿರಾಜ, ಸ್ವರ್ಣಧಾರಾದಂಥ ಹಿತ್ತಲ ತಳಿಗಳಾದರೆ ಇನ್ನೊಂದು ಸಂಗತಿ: ಅವುಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆ ಕೊಡುತ್ತಾರೆ. 40 ಮರಿ ತಂದರೆ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ಹುಂಜ ಮಾಂಸಕ್ಕೆ ಹೋಗುತ್ತದೆ, ನಷ್ಟವಿಲ್ಲ. ಆದರೆ 20 ಹೇಂಟೆ ಬೇಕೆಂದು 20 ಮರಿ ತಂದವರು ಕೊನೆಗೆ ಎಂಟೋ ಒಂಬತ್ತೋ ಹೇಂಟೆ ಉಳಿಸಿಕೊಂಡಿರುತ್ತಾರೆ.

ಕೈ ಬಿಗಿಯಿದ್ದರೆ 8 ವಾರದ ಮರಿಗಳನ್ನು ತರಬಹುದು. ಕಾವಿನ ಗೋಜು ಮುಗಿದಿರುತ್ತದೆ, ಜುಟ್ಟು ನೋಡಿ ಗಂಡು ಹೆಣ್ಣು ಗುರುತಿಸಬಹುದು. ಇನ್ನು ಎರಡು ತಿಂಗಳು ಸರಿಯಾದ ಬೆಳೆಯುವ ಆಹಾರ ಹಾಕಿ ಬೆಳೆಸುವ ತಾಳ್ಮೆ ನಿಮ್ಮದಾಗಿರಬೇಕು.

16 ವಾರದವನ್ನು ಕೊಳ್ಳುವಾಗ ಬರೀ ಕಣ್ಣಿನಲ್ಲಿ ನೋಡಿ ಒಪ್ಪಬೇಡಿ, ತಕ್ಕಡಿ ಒಯ್ಯಿರಿ. ಕಂದು ಮೊಟ್ಟೆಯ ಫಾರಂ ತಳಿ ಈ ವಯಸ್ಸಿಗೆ 1.35ರಿಂದ 1.4 ಕಿಲೋ ತೂಗಬೇಕು, ಬಿಳಿ ಲೆಗ್‌ಹಾರ್ನ್ ಜಾತಿಯದು 1.1 ಕಿಲೋ ಆಸುಪಾಸು. ನಿಮಗೆ ಬೇಕಾದದ್ದು 20 ಕೋಳಿ ಮಾತ್ರ, ಎಲ್ಲವನ್ನೂ ತೂಗಿ. ಸರಾಸರಿ 1.4 ಕಿಲೋ ಬಂದರೆ ಕನಿಷ್ಠ 16 ಕೋಳಿಗಳು 1.26ಕ್ಕೂ 1.54ಕ್ಕೂ ನಡುವೆ ಇರಬೇಕು. ಒಂದು 1.1, ಇನ್ನೊಂದು 1.7 ಹೀಗೆ ಏರುಪೇರಿದ್ದರೆ ಆ ಹಿಂಡಿನಲ್ಲಿ ಮೇವು ತೊಟ್ಟಿಯ ಜಾಗ ಸಾಲದೆ ಬಲವಿದ್ದವು ತಿಂದಿವೆ, ಉಳಿದವು ಉಪವಾಸ ಬೆಳೆದಿವೆ ಎಂದರ್ಥ; ಇಲ್ಲವೇ ಎರಡು ಬೇರೆ ವಯಸ್ಸಿನ ಕೋಳಿಗಳನ್ನು ಬೆರೆಸಿದ್ದಾರೆ. ತೂಕ ಸಾಲದ ಯಾಟೆ ತಡವಾಗಿ ಮೊಟ್ಟೆ ಶುರು ಮಾಡುತ್ತದೆ, ಸಣ್ಣ ಮೊಟ್ಟೆ ಇಡುತ್ತದೆ, ಮೇಲೇರಿದ ಇಳುವರಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಬೇಗ ಕುಸಿಯುತ್ತದೆ. ಆಮೇಲೆ ಎಷ್ಟು ಮೇವು ಹಾಕಿದರೂ ಅದು ಸರಿಹೋಗುವುದಿಲ್ಲ.

ಮರಿ ಒಡೆದ ತಾರೀಖು ಬರೆಸಿಕೊಳ್ಳಿ. ಲಸಿಕೆಯ ಪಟ್ಟಿಯನ್ನೂ ಕೇಳಿ: ಮೊದಲ ದಿನ ಮಾರೆಕ್ಸ್, 5ರಿಂದ 7ನೇ ದಿನ ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ, 14ನೇ ದಿನ ಗುಂಬೋರೊ, 28ನೇ ದಿನದ ಸುಮಾರಿಗೆ ಮತ್ತೆ ಲಸೋಟಾ, 6ರಿಂದ 8 ವಾರಕ್ಕೆ ಕೋಳಿ ಸಿಡುಬು, 8ರಿಂದ 10 ವಾರಕ್ಕೆ ಕೊಕ್ಕರೆ ರೋಗದ ಆರ್‌2ಬಿ. ಈ ಕೊನೆಯದು ತಪ್ಪಿಹೋಗಿದ್ದರೆ ಮೊಟ್ಟೆ ಶುರುವಾಗುವ ಮೊದಲೇ ಪಶುವೈದ್ಯರನ್ನು ಕೇಳಿ ಹಾಕಿಸಿ. ಮೊಟ್ಟೆ ಇಡುತ್ತಿರುವ ಕೋಳಿಗೆ ಆರ್‌2ಬಿ ಹಾಕಿದರೆ ಇಳುವರಿ ಬಿದ್ದುಹೋಗುತ್ತದೆ. ಕೊಡುವವರು ಈ ಪಟ್ಟಿ ತೋರಿಸದಿದ್ದರೆ, ಎಷ್ಟೇ ಚೆಂದದ ಕೋಳಿಯಾದರೂ ತರಬೇಡಿ.

ಸಾಗಿಸುವುದು ಸಂಜೆ ತಂಪಾದ ಮೇಲೆ ಅಥವಾ ಬೆಳಗಿನ ಜಾವ. ಬಂದ ತಕ್ಷಣ ಮೊದಲು ನೀರು, ಅದಕ್ಕೆ ಒಂದಿಷ್ಟು ಬೆಲ್ಲ ಕದಡಿ ಕೊಡಿ. ಎರಡು ಮೂರು ಗಂಟೆಯ ನಂತರ ಮೇವು. ಅವರು ಹಾಕುತ್ತಿದ್ದ ಆಹಾರದ ಒಂದು ಮೂಟೆಯನ್ನೂ ಜೊತೆಗೇ ತಂದು, ವಾರದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ನಿಮ್ಮದಕ್ಕೆ ಬದಲಿಸಿ.

ಪ್ರಶ್ನೆ: ಊರೊಳಗೆ ವ್ಯಾನಿನಲ್ಲಿ ಬಂದವರಿಂದ ‘ಮೊಟ್ಟೆಗೆ ಬಂದ ಕೋಳಿ’ ಎಂದು 12 ತೆಗೆದುಕೊಂಡೆವು. ವಾರದಲ್ಲಿ ನಾಲ್ಕೈದು ಮೊಟ್ಟೆ ಸಿಕ್ಕವು, ಆಮೇಲೆ ಒಂದೂ ಇಲ್ಲ. ಮೇವಂತೂ ಚೆನ್ನಾಗಿ ತಿನ್ನುತ್ತಿವೆ. ಇವು ಮುದಿ ಕೋಳಿಗಳೇ? ಗುರುತಿಸುವುದು ಹೇಗೆ? — ಓದುಗರು, ಮದ್ದೂರು

ಉತ್ತರ: ನೀವು ಬರೆದಿರುವ ಲಕ್ಷಣ ನೋಡಿದರೆ, ಫಾರಂನಲ್ಲಿ ಒಂದು ವರ್ಷಕ್ಕೂ ಹೆಚ್ಚು ಮೊಟ್ಟೆ ಇಟ್ಟು ಹೊರಬಿದ್ದ ಕೋಳಿಗಳಿರುವ ಸಾಧ್ಯತೆಯೇ ಹೆಚ್ಚು. ಮೊಟ್ಟೆ ಫಾರಂಗಳಲ್ಲಿ ಸಾಮಾನ್ಯವಾಗಿ 72ರಿಂದ 80 ವಾರಕ್ಕೆ ಇಡೀ ಹಿಂಡನ್ನು ಮಾಂಸಕ್ಕೆ ಮಾರಿ ಶೆಡ್ ಖಾಲಿ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸಾರಿಗೆಂದು ಮಾರಬೇಕಾದದ್ದನ್ನು ಮೊಟ್ಟೆಗೆಂದು ಮಾರುವುದು ಮಾತ್ರ ಮೋಸ.

ಒಂದನ್ನು ಹಿಡಿದು ಕಂಕುಳಲ್ಲಿಟ್ಟುಕೊಳ್ಳಿ, ತಲೆ ಹಿಂದಕ್ಕೆ, ಬಾಲ ಮುಂದಕ್ಕೆ. ಮೊದಲು ಕಾಲು ನೋಡಿ. ಯಾಟೆಯ ಕಾಲಿನ ಚಿಪ್ಪು ನುಣುಪಾಗಿ ಹೊಳೆಯುತ್ತದೆ, ಮುದಿಯದರಲ್ಲಿ ಚಿಪ್ಪು ಎದ್ದು ಒರಟಾಗಿರುತ್ತದೆ. ಪಂಜರದಲ್ಲಿದ್ದ ಕೋಳಿಯ ಉಗುರು ನೆಲ ಕೆದಕದೆ ಉದ್ದ ಬೆಳೆದು ಬಾಗಿರುತ್ತದೆ, ಬಾಲದ ಗರಿ ತಂತಿಗೆ ಉಜ್ಜಿ ಮುರಿದು ಕಡ್ಡಿಯಾಗಿರುತ್ತದೆ, ಕುತ್ತಿಗೆಯ ಮುಂಭಾಗ ಬೋಳಾಗಿರುತ್ತದೆ. ಎದೆಮೂಳೆಯ ಹಿಂತುದಿಯನ್ನು ಹೆಬ್ಬೆರಳಿನಿಂದ ಒತ್ತಿ: ಎಳೆಯದರಲ್ಲಿ ಅದು ಕಿವಿಯ ಮೃದ್ವಸ್ಥಿಯಂತೆ ಬಾಗುತ್ತದೆ, ವಯಸ್ಸಾದದ್ದರಲ್ಲಿ ಗಟ್ಟಿ ಮೂಳೆ. ಕೊಕ್ಕಿನ ತುದಿ ಕತ್ತರಿಸಿರುವುದು ವಯಸ್ಸಿನ ಗುರುತಲ್ಲ; ಫಾರಂ ಮರಿಗಳಿಗೆ ಹುಟ್ಟಿದ ಹತ್ತು ದಿನದೊಳಗೇ ಅದನ್ನು ಮಾಡಿಸುವುದುಂಟು. ಬಿಳಿ ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಒಂದು ಪಕ್ಕಕ್ಕೆ ಜೋತುಬಿದ್ದಿದ್ದರೂ ಅದು ಮುಪ್ಪಿನ ಲಕ್ಷಣವಲ್ಲ, ಅದರ ಜಾತಿಯೇ ಹಾಗೆ.

ಇನ್ನು ಈಗ ಮೊಟ್ಟೆ ಇಡುತ್ತಿದೆಯೇ ಎಂಬುದು. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಎರಡು ಚೂಪು ಮೂಳೆಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡರಿಂದ ಮೂರು ಬೆರಳು ಹಿಡಿದರೆ ಇಡುತ್ತಿದೆ, ಒಂದೇ ಬೆರಳಾದರೆ ಇಡುತ್ತಿಲ್ಲ ಅಥವಾ ಇನ್ನೂ ಶುರುವಾಗಿಲ್ಲ. ಆ ಮೂಳೆಗಳಿಂದ ಎದೆಮೂಳೆಯ ತುದಿಯವರೆಗೆ ಮೂರು ನಾಲ್ಕು ಬೆರಳಿನ ಜಾಗವಿದ್ದು, ಹೊಟ್ಟೆ ಒತ್ತಿದರೆ ಮೆತ್ತಗಿರಬೇಕು. ಗಟ್ಟಿಯಾಗಿ ದಪ್ಪ ಕಂಡರೆ ಅದು ಕೊಬ್ಬು. ಇಡುವ ಕೋಳಿಯ ದ್ವಾರ ಅಗಲ, ತೇವ, ಬಿಳಿಚು. ಇಡದ್ದರಲ್ಲಿ ಸಣ್ಣದು, ದುಂಡಗೆ, ಒಣಗಿ ಸುಕ್ಕುಗಟ್ಟಿದ್ದು.

ಹಳದಿ ಕಾಲಿನ ತಳಿಗಳಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬಣ್ಣ. ಮೇವಿನಲ್ಲಿರುವ ಮೆಕ್ಕೆಜೋಳದ ಹಳದಿ ಮೊಟ್ಟೆ ಶುರುವಾದ ಮೇಲೆ ಚರ್ಮಕ್ಕೆ ಹೋಗದೆ ಲೋಳೆಯೊಳಗಿನ ಹಳದಿಗೆ ಹೋಗುತ್ತದೆ. ಹಾಗಾಗಿ ಮೈಯ ಹಳದಿ ಒಂದು ಕ್ರಮದಲ್ಲಿ ಬಿಳಿಚುತ್ತಾ ಬರುತ್ತದೆ: ದ್ವಾರದ ಸುತ್ತ ಒಂದು ವಾರದಲ್ಲಿ, ಆಮೇಲೆ ಕಣ್ಣಿನ ಸುತ್ತಿನ ಬಳೆ, ಆಮೇಲೆ ಬುಡದಿಂದ ತುದಿಗೆ ಕೊಕ್ಕು, ಕಡೆಗೆ ಕಾಲು. ಕಾಲು ಪೂರ್ತಿ ಬಿಳಿಚಲು ನಾಲ್ಕರಿಂದ ಆರು ತಿಂಗಳು ಬೇಕು. ಮೊಟ್ಟೆ ನಿಂತ ಮೇಲೆ ಹಳದಿ ಮರಳುವುದೂ ಇದೇ ಕ್ರಮದಲ್ಲಿ, ಮೊದಲು ದ್ವಾರಕ್ಕೆ. ಆದ್ದರಿಂದ ಕಾಲು ಕಾಗದದಂತೆ ಬಿಳಿಚಿದ್ದು ದ್ವಾರ ಮಾತ್ರ ಹಳದಿಯಾಗಿ ಒಣಗಿದ್ದರೆ, ಆ ಕೋಳಿ ತಿಂಗಳುಗಟ್ಟಲೆ ಮೊಟ್ಟೆ ಇಟ್ಟು ಈಗ ಇತ್ತೀಚೆಗೆ ನಿಲ್ಲಿಸಿದೆ. ನಿಮ್ಮ 12ರಲ್ಲಿ ಇದೇ ಕಾಣುತ್ತದೆಯೇ ನೋಡಿ. ಹದಿನೇಳು ವಾರದ ಯಾಟೆಯಾಗಿದ್ದರೆ ಕಾಲು, ಕೊಕ್ಕು ಎರಡೂ ಅಚ್ಚ ಹಳದಿ ಇರಬೇಕಿತ್ತು. ಈ ಪರೀಕ್ಷೆ ಬಿಳಿ ಅಥವಾ ಕಪ್ಪು ಕಾಲಿನ ನಾಟಿ ಕೋಳಿಗೆ, ಕಡಕ್‌ನಾಥ್‌ಗೆ ನಡೆಯುವುದಿಲ್ಲ. ಜೋಳ, ಹಸಿಸೊಪ್ಪು ಏನೂ ತಿನ್ನದೆ ಬರೀ ಅಕ್ಕಿ ನುಚ್ಚಿನಲ್ಲಿ ಬೆಳೆದ ಯಾಟೆಯ ಕಾಲೂ ಮಾಸಲಾಗಿರಬಹುದು.

ರೆಕ್ಕೆ ಬಿಡಿಸಿ ನೋಡಿದಾಗ ಉದ್ದ ಗರಿಗಳ ನಡುವೆ ನೀಲಿ ಬುಡದ ಹೊಸ ಗರಿಗಳು ಮೊಳೆಯುತ್ತಿದ್ದರೆ ಕೋಳಿ ಗರಿ ಬದಲಿಸುತ್ತಿದೆ. ಎರಡು ಮೂರು ತಿಂಗಳು ಒಳ್ಳೆಯ ಆಹಾರ ಕೊಟ್ಟರೆ ಮತ್ತೆ ಇಡಲು ಶುರು ಮಾಡೀತು, ಮೊದಲಿನಷ್ಟಲ್ಲ. ಆ ಎರಡು ಮೂರು ತಿಂಗಳ ಮೇವಿನ ಹಣಕ್ಕೆ ಬೆಲೆ ಕಟ್ಟಿ ನಿರ್ಧರಿಸಿ. ನಮ್ಮ ಅಭಿಪ್ರಾಯ, 12ನ್ನೂ ಮಾರಿ ಆರು ಒಳ್ಳೆಯ ಯಾಟೆ ತರುವುದೇ ಮೇಲು.

ಪ್ರಶ್ನೆ: ನಮ್ಮಲ್ಲಿ 200 ಬಿವಿ-380 (ಕಂದು ಮೊಟ್ಟೆಯ ಫಾರಂ ತಳಿ) ಯಾಟೆಗಳಿಗೆ ಈಗ 14 ವಾರ. ಬೇಗ ಮೊಟ್ಟೆಗೆ ಬರಲೆಂದು ಲೇಯರ್ ಫೀಡ್ ಈಗಲೇ ಶುರು ಮಾಡಿ, ರಾತ್ರಿ ಬಲ್ಬು ಹಾಕಿ ಎಂದು ಪಕ್ಕದವರು ಹೇಳುತ್ತಾರೆ. ಮಾಡಬಹುದೇ? — ಓದುಗರು, ದಾವಣಗೆರೆ

ಉತ್ತರ: ಎರಡನ್ನೂ ಮಾಡಬೇಡಿ.

ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಸುಣ್ಣದಂಶ ನೂರಕ್ಕೆ 3.5ರಿಂದ 4 ಇರುತ್ತದೆ. ಬೆಳೆಯುವ ಕೋಳಿಗೆ 1 ಸಾಕು. ಚಿಪ್ಪು ಕಟ್ಟುವ ಕೆಲಸವೇ ಶುರುವಾಗದ ಮೈಗೆ ಅಷ್ಟು ಸುಣ್ಣ ಬಿದ್ದರೆ ಅದನ್ನು ಹೊರಹಾಕುವ ಭಾರ ಮೂತ್ರಪಿಂಡದ ಮೇಲೆ. ವಾರಗಟ್ಟಲೆ ಹೀಗಾದರೆ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿ ಕೋಳಿ ಸಾಯುತ್ತದೆ. ಕೊಯ್ದು ನೋಡಿದಾಗಲೇ ಗೊತ್ತಾಗುವುದು. ಕೆಲವು ಮೊಟ್ಟೆಗೆ ಬಂದ ಎಷ್ಟೋ ವಾರಗಳ ನಂತರ ಸಾಯುವುದರಿಂದ ಕಾರಣ ಹೊಳೆಯುವುದೇ ಇಲ್ಲ.

16 ವಾರದವರೆಗೆ ನೂರಕ್ಕೆ 16 ಪ್ರೋಟೀನಿನ ಗ್ರೋವರ್ (ಬೆಳೆಯುವ ಕೋಳಿಯ ಆಹಾರ) ಹಾಕಿ. 16ರಿಂದ ಮೊದಲ ಮೊಟ್ಟೆಗಳು ಕಾಣುವವರೆಗೆ ಸುಣ್ಣದಂಶ 2ರಿಂದ 2.5 ಇರುವ ಪ್ರಿ-ಲೇಯರ್ ಆಹಾರ. ಅದು ಸಿಗದಿದ್ದರೆ ಗ್ರೋವರ್ ಮತ್ತು ಲೇಯರ್ ಅರ್ಧರ್ಧ ಬೆರೆಸಿ. ನೂರಕ್ಕೆ ಐದು ಕೋಳಿ ಇಡತೊಡಗಿದ ಕೂಡಲೇ ಪೂರ್ತಿ ಲೇಯರ್. ಅಲ್ಲಿಂದ ಮುಂದೆ ದಿನಕ್ಕೆ ತಲೆಗೆ 110ರಿಂದ 115 ಗ್ರಾಂ. ಸುಣ್ಣಕಲ್ಲನ್ನು ಪುಡಿ ಮಾತ್ರ ಹಾಕದೆ ಅರ್ಧದಷ್ಟನ್ನು ಕಡಲೆ ಬೇಳೆಗಿಂತ ಚಿಕ್ಕ ಹರಳಾಗಿ ಕೊಡಿ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಹರಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಾ ಬೆಳಗಿನವರೆಗೆ ಒದಗುತ್ತದೆ.

ಬೆಳಕಿನ ವಿಚಾರದಲ್ಲಿ ನಿಯಮ ಎರಡೇ: ಬೆಳೆಯುವಾಗ ಹಗಲು ಹೆಚ್ಚಿಸಬಾರದು, ಮೊಟ್ಟೆ ಇಡುವಾಗ ಹಗಲು ಕಡಿಮೆ ಮಾಡಬಾರದು. ಈಗಲೇ ಬಲ್ಬು ಹಾಕಿದರೆ ಮೈ ತುಂಬದ ಯಾಟೆ ಮೊಟ್ಟೆಗೆ ಬರುತ್ತದೆ. ಆಗ ಮೊಟ್ಟೆ ಸಣ್ಣದು, ಅಷ್ಟೇ ಅಲ್ಲ, ತಿಣುಕಿ ತಿಣುಕಿ ಮೊಟ್ಟೆನಾಳವೇ ಹೊರಕ್ಕೆ ಬರುತ್ತದೆ. ಕೆಂಪು ಕಂಡ ಕೂಡಲೇ ಉಳಿದವು ಕುಕ್ಕಿ ಕರುಳು ಎಳೆದುಹಾಕುತ್ತವೆ. ಒಂದು ಸಲ ಆ ಚಟ ಹಿಡಿದ ಹಿಂಡನ್ನು ತಿದ್ದುವುದು ಬಹಳ ಕಷ್ಟ.

18 ವಾರ ತುಂಬಿ, ಸರಾಸರಿ ತೂಕ ಒಂದೂವರೆ ಕಿಲೋ ಮುಟ್ಟಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಬೆಳಕು ಏರಿಸಿ, ಒಟ್ಟು 16 ಗಂಟೆಗೆ ನಿಲ್ಲಿಸಿ. ವಾರ ತುಂಬಿ ತೂಕ ಮುಟ್ಟಿಲ್ಲವೆಂದರೆ ಇನ್ನೊಂದು ವಾರ ಕಾಯಿರಿ. ಕರ್ನಾಟಕದಲ್ಲಿ ಅತಿ ದೊಡ್ಡ ಹಗಲೂ 13 ಗಂಟೆಯ ಆಸುಪಾಸಿನದೇ, ಡಿಸೆಂಬರಿನಲ್ಲಿ 11 ಗಂಟೆ ಚಿಲ್ಲರೆ. ಆದ್ದರಿಂದ ಇಲ್ಲಿ ಫಾರಂ ತಳಿಗೆ ಬಲ್ಬು ಬೇಕೇ ಬೇಕು. ಹೆಚ್ಚಿನ ಬೆಳಕನ್ನು ಬೆಳಗಿನ ಜಾವಕ್ಕೆ ಕೊಡುವುದು ಒಳ್ಳೆಯದು. ಸಂಜೆ ಬಲ್ಬು ಫಕ್ಕನೆ ಆರಿದರೆ ನೆಲದ ಮೇಲೆ ಸಾಕಿದವು ಕತ್ತಲಲ್ಲಿ ಕೂರುವ ಕೋಲು ಹುಡುಕಲಾರದೆ ಗಾಬರಿಯಾಗುತ್ತವೆ. ಕೋಳಿಯ ತಲೆಯ ಮಟ್ಟದಲ್ಲಿ ಪತ್ರಿಕೆ ಓದುವಷ್ಟು ಬೆಳಕು ಸಾಕು.

ಪ್ರಶ್ನೆ: ನಮ್ಮ ಸ್ವರ್ಣಧಾರಾ ಹೇಂಟೆಗಳಿಗೆ 22 ವಾರ ಆಯಿತು, ಒಂದೂ ಮೊಟ್ಟೆ ಇಟ್ಟಿಲ್ಲ. ಪಕ್ಕದ ಮನೆಯ ಫಾರಂ ಕೋಳಿ 19 ವಾರಕ್ಕೇ ಇಟ್ಟಿತು. — ಓದುಗರು, ಶಿರಸಿ

ಉತ್ತರ: ಚಿಂತೆ ಬೇಡ, ಅದು ತಳಿಯ ವ್ಯತ್ಯಾಸ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದು ರೂಪಿಸಿದ ಸ್ವರ್ಣಧಾರಾ ಮೈಗಟ್ಟಿ ಕೋಳಿ. ಮೊಟ್ಟೆ ಶುರುವಾಗುವುದು 22ರಿಂದ 24 ವಾರಕ್ಕೆ, ಹೊರಗೆ ಮೇಯಲು ಬಿಟ್ಟರೆ ಇನ್ನೂ ಒಂದೆರಡು ವಾರ ಆಚೀಚೆ. ನಾಟಿ ಕೋಳಿಗಾದರೆ ಆರೇಳು ತಿಂಗಳು ಬೇಕು. ಬೆನ್ನಿನ ಮೇಲೆ ಕೈಯಿಟ್ಟಾಗ ರೆಕ್ಕೆ ಅರ್ಧ ಬಿಚ್ಚಿ ನೆಲಕ್ಕೆ ಕುಕ್ಕರಿಸಿದರೆ ಒಂದೆರಡು ವಾರದಲ್ಲಿ ಮೊಟ್ಟೆ ಬರುತ್ತದೆ. ಒಂದನ್ನು ಮಾತ್ರ ಗಮನಿಸಿ: ಇಂಥ ಭಾರದ ತಳಿಗೆ ಮನೆಯ ಅನ್ನ, ನುಚ್ಚು ಸುರಿದರೆ ಕೊಬ್ಬು ತುಂಬಿ ಮೊಟ್ಟೆ ಕಡಿಮೆಯಾಗುತ್ತದೆ. ಗೂಡಿನಲ್ಲಿ ಒಂದಡಿ ಚೌಕದ, ಕತ್ತಲಿರುವ ಪೆಟ್ಟಿಗೆಗಳನ್ನು ಐದು ಕೋಳಿಗೊಂದರಂತೆ ಈಗಲೇ ಇಡಿ, ಇಲ್ಲವಾದರೆ ಅಡಿಕೆ ತೋಟದ ಸೊಪ್ಪಿನ ರಾಶಿಯೊಳಗೆ ಮೊಟ್ಟೆ ಹುಡುಕುತ್ತಾ ತಿರುಗಬೇಕಾದೀತು.

ಪ್ರಶ್ನೆ: ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತದೆಯೇ? — ಓದುಗರು, ಪುತ್ತೂರು

ಉತ್ತರ: ಇಡುತ್ತದೆ, ಅಷ್ಟೇ ಸಂಖ್ಯೆಯಲ್ಲಿ. ಮರಿ ಮಾಡಿಸಬೇಕಿದ್ದರೆ ಮಾತ್ರ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಬೇಕು.

ಪ್ರಶ್ನೆ: ಹದಿನೆಂಟು ತಿಂಗಳಾದ 50 ಕಂದು ಕೋಳಿಗಳಿವೆ. ದಿನಕ್ಕೆ 30 ಮೊಟ್ಟೆ ಬರುತ್ತಿದೆ. ಇಟ್ಟುಕೊಳ್ಳಲೇ, ಮಾರಲೇ? ಹೊಸ ಯಾಟೆಗಳನ್ನು ಇವುಗಳ ಜೊತೆಗೇ ಬಿಡಬಹುದೇ? — ಓದುಗರು, ಕೋಲಾರ

ಉತ್ತರ: ಲೆಕ್ಕ ನೀವೇ ಹಾಕಿ. ಒಂದು ಕೋಳಿಯ ದಿನದ ಮೇವಿನ ಖರ್ಚನ್ನು ಒಂದು ಮೊಟ್ಟೆಯ ಬೆಲೆಯಿಂದ ಭಾಗಿಸಿ. ಉದಾಹರಣೆಗೆ ಆಹಾರ ಕಿಲೋಗೆ 36 ರೂಪಾಯಿ ಇದ್ದರೆ 115 ಗ್ರಾಂಗೆ 4 ರೂಪಾಯಿ 14 ಪೈಸೆ. ಮೊಟ್ಟೆಗೆ 6 ರೂಪಾಯಿ ಸಿಕ್ಕರೆ ಬರೀ ಮೇವಿನ ಹಣ ಮರಳಲಿಕ್ಕೇ ನೂರಕ್ಕೆ 69 ಕೋಳಿ ಇಡಬೇಕು. ನಿಮ್ಮದು ನೂರಕ್ಕೆ 60, ದಿನವೂ ಕೈಯಿಂದ ಹೋಗುತ್ತಿದೆ. ಅದೇ ಮೊಟ್ಟೆಯನ್ನು ಮನೆಬಾಗಿಲಲ್ಲಿ 9 ರೂಪಾಯಿಗೆ ಕೊಳ್ಳುವವರಿದ್ದರೆ 46 ಸಾಕು, ಆಗ ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಬಹುದು.

ಆದರೆ 30 ಮೊಟ್ಟೆ ಎಂದರೆ ಎಲ್ಲ ಕೋಳಿಯೂ ಸ್ವಲ್ಪ ಸ್ವಲ್ಪ ಇಡುತ್ತಿವೆ ಎಂದಲ್ಲ. 35 ಕೋಳಿ ಚೆನ್ನಾಗಿ ಇಡುತ್ತಿದ್ದು, ಉಳಿದ 15 ತಿಂದು ಮಲಗುತ್ತಿರಬಹುದು. ಮದ್ದೂರಿನವರಿಗೆ ಹೇಳಿದ ಬೆರಳಿನ ಅಳತೆ, ದ್ವಾರ, ಬಣ್ಣ ನೋಡಿ ಒಂದೊಂದಾಗಿ ಬೇರ್ಪಡಿಸಿ. ರಾತ್ರಿ ಟಾರ್ಚ್ ಹಿಡಿದು ಮಾಡಿದರೆ ಕೋಳಿ ಗಾಬರಿಯಾಗುವುದಿಲ್ಲ. ಇಡದವುಗಳನ್ನು ಮಾರಿದ ವಾರವೇ ಮೇವಿನ ಲೆಕ್ಕ ಸರಿಹೋಗುತ್ತದೆ.

ಹೊಸ ಯಾಟೆಗಳನ್ನು ಹಳೆಯವುಗಳ ಜೊತೆ ತಂದ ದಿನವೇ ಬಿಡಬೇಡಿ. ಹಳೆಯವು ಮೇವು ತೊಟ್ಟಿಯ ಹತ್ತಿರ ಸೇರಿಸದೆ ಕುಕ್ಕುತ್ತವೆ, ತೂಕ ಕಟ್ಟಬೇಕಾದ ಹೊತ್ತಿನಲ್ಲೇ ಯಾಟೆ ಸೊರಗುತ್ತದೆ. ಆಹಾರವೂ ಬೇರೆ ಬೇರೆ. ಅದಕ್ಕಿಂತ ದೊಡ್ಡ ಅಪಾಯ ರೋಗ. ಹೊರಗೆ ಏನೂ ಕಾಣಿಸದ ಹಳೆಯ ಕೋಳಿ ಶೀತ ರೋಗದ ಕ್ರಿಮಿ ಹೊತ್ತಿರಬಹುದು. ಹೊಸ ಯಾಟೆಗಳನ್ನು ಮೂರು ವಾರ ಬೇರೆ ಗೂಡಿನಲ್ಲಿಡಿ, ದಿನವೂ ಮೊದಲು ಅವುಗಳ ಕೆಲಸ ಮುಗಿಸಿ ಆಮೇಲೆ ಹಳೆಯವುಗಳ ಬಳಿಗೆ ಹೋಗಿ. ಅದು ಕಳೆದ ಮೇಲೆ ಹಳೆಯ ಎರಡು ಕೋಳಿಗಳನ್ನು ಹೊಸ ನಾಲ್ಕರ ಜೊತೆ ಪ್ರತ್ಯೇಕವಾಗಿ ಹದಿನೈದು ದಿನ ಇಟ್ಟು ನೋಡಿ. ಮೂಗು ಸುರಿಯುವುದು, ಕಣ್ಣು ಊದುವುದು, ಗೊರಗೊರ ಉಸಿರು ಯಾವುದೂ ಕಾಣಿಸದಿದ್ದರೆ ಉಳಿದವನ್ನು ಸೇರಿಸಿ. ಸೇರಿಸುವುದು ರಾತ್ರಿ, ಎಲ್ಲವೂ ಕೋಲಿನ ಮೇಲೆ ಕೂತಮೇಲೆ. ಆ ವಾರ ಮೇವು, ನೀರಿನ ತೊಟ್ಟಿಗಳನ್ನು ಎರಡರಷ್ಟು ಮಾಡಿ, ಒಂದಕ್ಕೊಂದು ದೂರದೂರ ಇಡಿ.